ಮೇಲ್ ಕಾಯುತ್ತದೆ, ಅಕ್ಕಿ ಬಣ್ಣ ಕಾಯುವುದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತವೆ. ಬರೆದವರು ಬೇರೆ ಬೇರೆ ಊರಿನವರು, ಬೇರೆ ಬೇರೆ ವಯಸ್ಸಿನವರು. ಒಬ್ಬರು ಚಿತ್ರ ಬರೆಯುತ್ತಾರೆ, ಒಬ್ಬರು ಕಥೆ, ಒಬ್ಬರು ತಮ್ಮೂರಿನ ಹಳೇ ಸಂಗತಿ, ಇನ್ನೊಬ್ಬ ಕವಿತೆ. ಕೂತ ಕೆಲಸ ಮುಂದೆ ಹೋಗುತ್ತಿಲ್ಲ, ಮೇಲ್ ನೋಡುವುದರಲ್ಲೇ ದಿನ ಮುಗಿಯುತ್ತದೆ ಅನ್ನುವುದು ಎಲ್ಲರ ದೂರು. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ. ಮೊದಲನೇ ಪತ್ರಕ್ಕೆ ಜಾಸ್ತಿ ಜಾಗ ಹೋಗಿದೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಅದರಲ್ಲಿ ನಿಮ್ಮದೂ ಸೇರಿಕೊಂಡಿದೆ.

ಪ್ರಶ್ನೆ: ಅಕ್ಕಾ, ನಾನು ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿದ್ದೇನೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದುಕೊಡುವುದು ನನ್ನ ಕೆಲಸ. ಬೆಂಗಳೂರಿನ ಎರಡು ಮೂರು ಪ್ರಕಾಶಕರ ಜೊತೆ ಎಲ್ಲಾ ವ್ಯವಹಾರ ಮೇಲ್‌ನಲ್ಲೇ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಕಿಟಕಿ ಹತ್ತಿರ ಮಾತ್ರ, ಫೋನ್ ಅಲ್ಲೇ ಇಟ್ಟಿರುತ್ತೇನೆ. ಅಜ್ಜಿಯಿಂದ ಕಲಿತ, ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದ ಗೆರೆಯಲ್ಲಿ ನನ್ನದೇ ಒಂದು ಚಿತ್ರಕಥೆ ಮಾಡಬೇಕು ಅಂತ ಎರಡು ವರ್ಷದಿಂದ ಅಂದುಕೊಂಡಿದ್ದೇನೆ. ಹನ್ನೊಂದು ಹಾಳೆ ಆಗಿದೆ, ಅಷ್ಟೇ. ಬೆಳಿಗ್ಗೆ ಅಕ್ಕಿ ಅರೆದು ಬಿಳಿ ಬಣ್ಣ ಮಾಡಿಕೊಂಡು ಕೂತರೆ ಫೋನ್ ಟಿಂಗ್ ಅನ್ನುತ್ತದೆ. ಎದ್ದು ಹೋಗುತ್ತೇನೆ. ವಾಪಸ್ ಬರುವಷ್ಟರಲ್ಲಿ ಪುಂಡಿ ನಾರಿನ ಕುಂಚ ಒಣಗಿ ಬಿರುಸಾಗಿರುತ್ತದೆ. ಗೆರೆ ಬಿಟ್ಟು ಮತ್ತೆ ಹಿಡಿದ ಜಾಗದಲ್ಲಿ ಗಂಟು ಹಾಕಿದ ಹಾಗೆ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಣ್ಣವೂ ಗಟ್ಟಿ. ಕೂಡಲೇ ಉತ್ತರ ಕೊಡದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತದೆ ಅಂತ ಹೆದರಿಕೆ. ಏನು ಮಾಡಲಿ?
– ಚಿತ್ರ ಬರೆಯುವವಳು, ಸಾಗರ ತಾಲ್ಲೂಕು

ಉತ್ತರ: ಅಕ್ಕ ಅಂತ ಕರೆದಿದ್ದೀಯ, ನಾನೂ ನೀನು ಅಂತಲೇ ಬರೆಯುತ್ತೇನೆ ತಂಗಿ. ಗೆರೆ ಬಿಟ್ಟು ಹಿಡಿದ ಜಾಗದಲ್ಲಿ ಗಂಟು ಕಾಣುತ್ತದೆ ಅಂದೆಯಲ್ಲ, ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಕಥೆ ಬರೆಯುವವರಿಗೂ ಪದ್ಯ ಬರೆಯುವವರಿಗೂ ಇದು ಆಗುತ್ತದೆ. ಅವರ ಗಂಟು ಮಾತ್ರ ಇಷ್ಟು ಚೆನ್ನಾಗಿ ಕಣ್ಣಿಗೆ ಕಾಣುವುದಿಲ್ಲ.

ವರ್ಷಗಳ ಹಿಂದೆ ನಿಮ್ಮ ಕಡೆಯೇ ಒಂದು ಮನೆಗೆ ಮದುವೆಯ ಮುಂಚಿನ ದಿನ ಹೋಗಿದ್ದೆ. ಕೆಮ್ಮಣ್ಣು ಬಳಿದ ಗೋಡೆಯ ಮುಂದೆ ಒಬ್ಬರು ಅಜ್ಜಿ ಕೂತು ಹಸೆ ಗೋಡೆಯ ಚಿತ್ತಾರ ಬರೆಯುತ್ತಿದ್ದರು. ತೆಂಗಿನ ಗರಟೆಯಲ್ಲಿ ಅಕ್ಕಿ ಬಣ್ಣ, ಪಕ್ಕದಲ್ಲಿ ಹುರಿದ ಅಕ್ಕಿಯ ಕಪ್ಪು, ಇನ್ನೊಂದರಲ್ಲಿ ಗುರಿಗೆ ಕಾಯಿಯ ಹಳದಿ. ಗೆರೆ ಎಳೆಯುತ್ತಾ ಇದ್ದಾಗ ಒಳಗಿನಿಂದ ಯಾರೋ ಅವರನ್ನು ಕೂಗಿದರು. ಮತ್ತೆ ಕೂಗಿದರು. ಅಜ್ಜಿ ಕತ್ತು ಸಹ ತಿರುಗಿಸಲಿಲ್ಲ. ಗೆರೆ ಆ ಮೂಲೆ ಮುಟ್ಟಿತು, ಕುಂಚ ಗರಟೆಯ ಅಂಚಿಗೆ ಒರಗಿತು, ಆಮೇಲೆ ‘ಏನೇ?’ ಅಂದರು. ಕೂಗಿದವರಿಗೂ ಬೇಜಾರಿಲ್ಲ. ಅವರಿಗೆ ಗೊತ್ತಿತ್ತು, ಅಜ್ಜಿ ಗೆರೆ ಮುಗಿಸಿ ಓಗೊಡುತ್ತಾರೆ ಅಂತ.

ನಾನು ನಿನಗೆ ಹೇಳಬೇಕಾದದ್ದು ಇಷ್ಟೇ. ಗೆರೆ ಮುಗಿಸಿ ಓಗೊಡು. ನೀನು ಹಾಗೇ ಓಗೊಡುವವಳು ಅಂತ ಕೂಗುವವರಿಗೂ ಗೊತ್ತು ಮಾಡಿಸು. ಹೇಗೆ ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ.

ಮೊದಲು ಮೂರು ದಿನ ಏನೂ ಬದಲು ಮಾಡಬೇಡ. ಗೋಡೆಯ ಕ್ಯಾಲೆಂಡರ್ ಪಕ್ಕ ಒಂದು ಪೆನ್ಸಿಲ್ ತೂಗುಹಾಕಿ, ಮೇಲ್ ನೋಡಲು ಎದ್ದಾಗೆಲ್ಲ ಆ ದಿನದ ಚೌಕದಲ್ಲಿ ಒಂದು ಗೀಟು ಹಾಕು. ಟಿಂಗ್ ಅಂದಿದ್ದಕ್ಕೆ ಎದ್ದರೆ ನೆಟ್ಟಗಿನ ಗೀಟು, ಟಿಂಗ್ ಅನ್ನದೇ ನೀನಾಗೇ ಎದ್ದರೆ ಅಡ್ಡ ಗೀಟು. ಅಡ್ಡ ಗೀಟು ಜಾಸ್ತಿ ಇರುತ್ತದೆ ಅಂತ ನನ್ನ ಅಂದಾಜು. ನನ್ನದರಲ್ಲಿ ಹಾಗೇ ಇತ್ತು. ಯಾಕೆ ಅಂದರೆ ಖಾಲಿ ಹಾಳೆಯ ಮುಂದೆ ಕೂರುವುದು ಕಷ್ಟ. ಮುಂದಿನ ಗೆರೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದ ಆ ಹೊತ್ತಿನಲ್ಲಿ ಮನಸ್ಸು ಒಂದು ಸುಲಭದ ಕೆಲಸ ಹುಡುಕುತ್ತದೆ. ಮೇಲ್‌ಗೆ ಉತ್ತರ ಬರೆದರೆ ಎರಡು ನಿಮಿಷದಲ್ಲಿ ಏನೋ ಮುಗಿಸಿದ ಸಮಾಧಾನ ಸಿಗುತ್ತದೆ. ಹನ್ನೆರಡನೇ ಹಾಳೆ ಆ ಸಮಾಧಾನವನ್ನು ಎರಡು ನಿಮಿಷದಲ್ಲಿ ಕೊಡುವುದಿಲ್ಲ, ಹದಿನೈದು ದಿನ ಸತಾಯಿಸುತ್ತದೆ. ಮನಸ್ಸು ಎತ್ತ ವಾಲುತ್ತದೆ ಹೇಳು.

ಎದ್ದು ಹೋಗಿ ಬಂದ ಎರಡು ನಿಮಿಷ ಮಾತ್ರ ಹಾಳಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಬಂದಾಗ ಗಮನ ಪೂರ್ತಿಯಾಗಿ ಬರುವುದಿಲ್ಲ, ಹಿಂದಿನದರ ಪಸೆ ಉಳಿದಿರುತ್ತದೆ, ಅದರಲ್ಲೂ ಹಿಂದಿನ ಕೆಲಸ ಅರ್ಧಕ್ಕೆ ನಿಂತಿದ್ದರೆ ಜಾಸ್ತಿ ಅಂತ ಅವರು ಕಂಡುಕೊಂಡರು. ಮೇಲ್ ಅಂದರೆ ಯಾವಾಗಲೂ ಅರ್ಧಕ್ಕೆ ನಿಂತ ಕೆಲಸವೇ ಅಲ್ವಾ? ನೀನು ಉತ್ತರ ಕಳಿಸುತ್ತೀಯ, ಅವರು ಏನನ್ನುತ್ತಾರೋ ಅನ್ನುವುದು ತಲೆಯಲ್ಲಿ ಕೂತಿರುತ್ತದೆ. ಕೈ ಕುಂಚ ಹಿಡಿದಿರುತ್ತದೆ, ತಲೆ ಇನ್ನೂ ಜಗಲಿಯ ಕಿಟಕಿ ಹತ್ತಿರವೇ ನಿಂತಿರುತ್ತದೆ.

ಇನ್ನು ಎಷ್ಟು ಸಲ ನೋಡಬೇಕು ಅನ್ನುವುದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೊಸ್ಟಾಡಿನ್ ಕುಷ್ಲೆವ್ ಮತ್ತು ಎಲಿಜಬೆತ್ ಡನ್ ಇದನ್ನೇ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. 124 ಜನರಿಗೆ ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡಿ ಅಂದರು, ಇನ್ನೊಂದು ವಾರ ಎಷ್ಟು ಸಲ ಬೇಕಾದರೂ ನೋಡಿ ಅಂದರು. ಮೂರು ಸಲ ನೋಡಿದ ವಾರದಲ್ಲಿ ಜನರ ಒತ್ತಡ ಕಡಿಮೆ ಇತ್ತು. ಮೂರು ಅನ್ನುವುದೇನು ಮಂತ್ರದ ಅಂಕಿಯಲ್ಲ. ನಿನ್ನಂಥ ಕೆಲಸಕ್ಕೆ ಎರಡು ಸಾಕು ಅಂತ ನನಗನ್ನಿಸುತ್ತದೆ. ಮಧ್ಯಾಹ್ನ ಊಟಕ್ಕೆ ಮೊದಲು ಒಂದು ಸಲ, ಸಂಜೆ ಐದರ ಸುಮಾರಿಗೆ ಇನ್ನೊಂದು ಸಲ. ಬೆಳಿಗ್ಗೆ ಬಣ್ಣ ಅರೆಯುವ ಮೊದಲು ಮಾತ್ರ ಬೇಡ. ಒಂದೇ ಒಂದು ನಿಯಮ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೋ. ಬೆಳಗಿನ ಮೊದಲ ಮೇಲ್ ಓದಿದ ಕೂಡಲೇ ಆ ದಿನ ಬೇರೆಯವರದ್ದಾಗುತ್ತದೆ. ಅಕ್ಕಿ ಬಣ್ಣ ಗಟ್ಟಿಯಾಗುವ ಮೊದಲಿನ ಆ ಮೂರು ಗಂಟೆ ನಿನ್ನದು.

ತಡ ಮಾಡಿದರೆ ಹೇಗೆ ಅಂತ ಕೇಳುತ್ತೀಯ. ಇಮೇಲ್ ಹುಟ್ಟಿದ್ದೇ ಕಾಯುವುದಕ್ಕೆ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅಕ್ಕಪಕ್ಕ ಇಟ್ಟಿದ್ದ ಎರಡು ಕಂಪ್ಯೂಟರುಗಳ ನಡುವೆ, ನೆಟ್‌ವರ್ಕ್ ಮೂಲಕ, ಮೊದಲ ಸಂದೇಶ ಕಳಿಸಿದರು. ಹೆಸರು ಮತ್ತು ಯಂತ್ರದ ನಡುವೆ ಆ ಸುರುಳಿ ಗುರುತು (@) ಹಾಕಿದ್ದೂ ಅವರೇ. ಸಂದೇಶ ಹೋಗಿ ಆ ಕಡೆಯವರ ಪೆಟ್ಟಿಗೆಯಲ್ಲಿ ಕೂತಿರುತ್ತದೆ, ಅವರು ಬಂದಾಗ ನೋಡಿಕೊಳ್ಳುತ್ತಾರೆ, ಅದೇ ಅದರ ಲೆಕ್ಕ. ಎದುರಿಗೆ ಆಳಿಲ್ಲದಿದ್ದರೂ ಮಾತು ತಲುಪಲಿ ಅಂತಲೇ ಮಾಡಿದ್ದು. ಕಿಸೆಯಲ್ಲಿ ಟಿಂಗ್ ಅನ್ನುವ ಚಾಳಿ ಆಮೇಲೆ ಅಂಟಿಕೊಂಡಿತು. ನನ್ನ ಅಪ್ಪನಿಗೆ ಬರುತ್ತಿದ್ದ ಕಾಗದಗಳು ದಿನಕ್ಕೊಂದು ಸಲ ಬಸ್ಸಿನಲ್ಲಿ ಬರುತ್ತಿದ್ದವು. ಅಪ್ಪ ಊಟ ಆದ ಮೇಲೆ ಓದುತ್ತಿದ್ದರು, ಭಾನುವಾರ ಉತ್ತರ ಬರೆಯುತ್ತಿದ್ದರು. ಯಾವ ಸಂಬಂಧವೂ ಅದರಿಂದ ಕೆಟ್ಟಿದ್ದು ನನಗೆ ನೆನಪಿಲ್ಲ.

ಆದರೂ ಕೆಲವು ಮೇಲ್ ನಿಜವಾಗಿ ಅರ್ಜೆಂಟ್ ಇರುತ್ತವೆ. ನೀನು ಅಡಿಕೆ ಸೀಮೆಯವಳು, ನಿನಗೆ ಹೀಗೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಕೊನೆ ಕೊಯ್ದು ತಂದ ಹಸಿ ಅಡಿಕೆಯನ್ನು ಅವತ್ತೋ ಮಾರನೇ ದಿನವೋ ಸುಲಿದು ಬೇಯಿಸಲೇಬೇಕು. ರಾತ್ರಿ ಹನ್ನೊಂದಾದರೂ ಮೆಟ್ಟುಗತ್ತಿ ಮೇಲಿಂದ ಏಳುವ ಹಾಗಿಲ್ಲ. ಹಣ್ಣಡಿಕೆ ಅಂಗಳಕ್ಕೆ ಹರವಿದರೆ ಹಾಗಲ್ಲ, ಅದು ಚಾಲಿ, ಅಂದರೆ ಬೇಯಿಸದೆ ಒಣಗಿಸಿದ ಅಡಿಕೆ, ಆಗುವುದಕ್ಕೆ 40 ದಿನವಾದರೂ ಬಿಸಿಲು ಬೇಕು, ಎರಡು ದಿನ ಆಚೀಚೆ ಆದರೆ ಯಾರೂ ಕೇಳುವುದಿಲ್ಲ. ನಿನ್ನ ಇನ್‌ಬಾಕ್ಸ್ ತೆಗೆದು ಹೋದ ತಿಂಗಳ ಮೇಲ್‌ಗಳನ್ನು ಒಂದು ಸಲ ಹೀಗೆ ನೋಡು. ನಾಳೆ ಪ್ರೆಸ್ಸಿಗೆ ಹೋಗುತ್ತದೆ, ಮುಖಪುಟದ ಬಣ್ಣ ನೋಡಿ ಹೇಳಿ ಅನ್ನುವುದು ಹಸಿ ಅಡಿಕೆ. ಮುಂದಿನ ವರ್ಷ ಒಂದು ಪುಸ್ತಕ ಯೋಚನೆಯಲ್ಲಿದೆ, ನಿಮಗೆ ಬಿಡುವಿದೆಯಾ ಅನ್ನುವುದು ಚಾಲಿ. ಬಿಲ್ ಕಳಿಸಿ ಅನ್ನುವುದೂ ಚಾಲಿ, ಅದು ನಿನ್ನ ದುಡ್ಡೇ ಆದರೂ. ತಿಂಗಳಿಗೆ ಹಸಿ ಅಡಿಕೆ ಎಷ್ಟು ಬಂದಿದೆ ಅಂತ ಎಣಿಸು. ನನಗೆ ಬಂದದ್ದು ಎರಡು.

ಆ ಎರಡಕ್ಕೆ ಬೇರೆ ದಾರಿ ಮಾಡಿಕೊಡು, ಅದು ಫೋನ್ ಕರೆ. ನಿನ್ನ ಪ್ರಕಾಶಕರಿಗೆ ಹೀಗೆ ಒಂದು ಮೇಲ್ ಹಾಕು, ಬೇಕಾದರೆ ಇದನ್ನೇ ಎತ್ತಿಕೋ:

‘ನಮಸ್ಕಾರ. ಇನ್ನು ಮುಂದೆ ನಾನು ದಿನಕ್ಕೆ ಎರಡು ಸಲ, ಮಧ್ಯಾಹ್ನ ಹನ್ನೆರಡೂವರೆಗೆ ಮತ್ತು ಸಂಜೆ ಐದಕ್ಕೆ, ಮೇಲ್ ನೋಡುತ್ತೇನೆ. ಬೆಳಿಗ್ಗೆ ಚಿತ್ರದ ಕೆಲಸದಲ್ಲಿರುತ್ತೇನೆ. ಅದೇ ದಿನ ಆಗಲೇಬೇಕಾದ ವಿಷಯವಿದ್ದರೆ ದಯವಿಟ್ಟು ಫೋನ್ ಮಾಡಿ, ಎತ್ತುತ್ತೇನೆ.’

ಇಷ್ಟು ಸಾಕು. ಕ್ಷಮಿಸಿ, ತಪ್ಪು ತಿಳಿಯಬೇಡಿ ಅಂತೆಲ್ಲ ಸೇರಿಸಬೇಡ. ತಪ್ಪೇನೂ ಮಾಡುತ್ತಿಲ್ಲ ನೀನು. ಕೆಲಸ ಬೇರೆಯವರಿಗೆ ಹೋಗುತ್ತದೆ ಅನ್ನುವ ಹೆದರಿಕೆಗೂ ಇದೇ ಉತ್ತರ. ಚಿತ್ರಪುಸ್ತಕ ತಿಂಗಳುಗಟ್ಟಲೆಯ ಕೆಲಸ. ಅದನ್ನು ಮಾಡಿಸುವವರು ಹತ್ತು ನಿಮಿಷದಲ್ಲಿ ಉತ್ತರ ಬಂತಾ ಅಂತ ನೋಡುವುದಿಲ್ಲ, ಹೇಳಿದ ತಾರೀಕಿಗೆ ಚಿತ್ರ ಬಂತಾ ಅಂತ ನೋಡುತ್ತಾರೆ. ಬೆಳಗಿನ ಮೂರು ಗಂಟೆ ಉಳಿದರೆ ಆ ತಾರೀಕು ತಪ್ಪುವುದಿಲ್ಲ. ಇಷ್ಟಾದ ಮೇಲೂ, ಮಧ್ಯಾಹ್ನ ಹನ್ನೆರಡೂವರೆವರೆಗೆ ಕಾಯದೆ ಯಾರಾದರೂ ಕೆಲಸ ಬೇರೆಯವರಿಗೆ ಕೊಟ್ಟರೆ, ಅವರ ಜೊತೆ ಆರು ತಿಂಗಳು ಕೆಲಸ ಮಾಡುವುದು ಹೇಗಿರುತ್ತಿತ್ತು ಅಂತ ಯೋಚನೆ ಮಾಡು.

ಈಗ ಫೋನ್. ಜಿಮೇಲ್ ಆ್ಯಪ್‌ನಲ್ಲಿ ಮೇಲೆ ಎಡಗಡೆ ಮೂರು ಗೆರೆ ಇದೆಯಲ್ಲ, ಅದನ್ನು ಒತ್ತಿ ಕೆಳಗೆ ಸೆಟ್ಟಿಂಗ್ಸ್‌ಗೆ ಹೋಗು, ನಿನ್ನ ಅಕೌಂಟ್ ಹೆಸರು ಒತ್ತು, ಅಲ್ಲಿ ನೋಟಿಫಿಕೇಶನ್ಸ್ ಅಂತ ಇರುತ್ತದೆ. ಅದನ್ನು ‘None’ ಮಾಡು. ಮೇಲ್ ಬರುವುದು ನಿಲ್ಲುವುದಿಲ್ಲ, ಟಿಂಗ್ ಮಾತ್ರ ನಿಲ್ಲುತ್ತದೆ. ಕರೆಯ ರಿಂಗ್ ಜೋರಾಗೇ ಇರಲಿ. ಫೋನ್ ಜಗಲಿಯ ಕಿಟಕಿಯಲ್ಲೇ ಇರಲಿ, ನೀನು ಒಳಗಿನ ಕೋಣೆಯಲ್ಲಿ ಕೂರು. ನಿಮ್ಮ ಮನೆಯಲ್ಲಿ ಒಂದೇ ಕಿಟಕಿಗೆ ನೆಟ್‌ವರ್ಕ್ ಸಿಗುವುದು ದೊಡ್ಡ ಅನುಕೂಲ, ಅದನ್ನು ಸರಿಪಡಿಸಲು ಹೋಗಬೇಡ.

ಕಂಪ್ಯೂಟರ್ ಇದ್ದರೆ ಇನ್ನೊಂದು ಉಪಾಯ. ಕ್ರೋಮ್‌ನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಅನ್ನುವುದನ್ನು ಆನ್ ಮಾಡಿಕೊಂಡರೆ 7, 30 ಅಥವಾ 90 ದಿನದ ಮೇಲ್ ಕಂಪ್ಯೂಟರಿನಲ್ಲೇ ಕೂತಿರುತ್ತದೆ. ನೆಟ್ ಇಲ್ಲದೆಯೂ ಓದಬಹುದು, ಉತ್ತರ ಬರೆದು ಕಳಿಸು ಒತ್ತಬಹುದು. ನೆಟ್ ಸಿಕ್ಕಾಗ ತಾನೇ ಹೋಗುತ್ತದೆ. ಉತ್ತರ ಬರೆಯುವಾಗ ಹೊಸ ಮೇಲ್ ಬಂದು ಮೇಲೆ ಕೂರುವುದಿಲ್ಲ ಅನ್ನುವುದೇ ಅದರ ಸುಖ. ಚಿತ್ರದ ಸ್ಕ್ಯಾನ್ ದೊಡ್ಡದಿರುತ್ತದೆ. ಜಿಮೇಲ್‌ನಲ್ಲಿ 25 ಎಂಬಿ ದಾಟಿದರೆ ಅದು ಡ್ರೈವ್ ಲಿಂಕ್ ಆಗಿ ಹೋಗುತ್ತದೆ. ಅದನ್ನು ಹಗಲು ಹೊತ್ತು ಕೂತು ಕಾಯಬೇಡ, ರಾತ್ರಿ ಊಟಕ್ಕೆ ಹೋಗುವಾಗ ಹಚ್ಚಿಟ್ಟು ಹೋಗು.

ಬರೆಯುವ ಮೇಲ್ ಕೂಡ ಸ್ವಲ್ಪ ಬದಲಾಗಬೇಕು. ‘ಯಾವಾಗ ಮಾತಾಡೋಣ?’ ಅಂತ ಒಂದು ಸಾಲು ಹಾಕಿದರೆ ಅದು ಐದು ಮೇಲ್ ಆಗಿ ವಾಪಸ್ ಬರುತ್ತದೆ. ‘ಗುರುವಾರ ನಾಲ್ಕಕ್ಕೆ ಅಥವಾ ಶುಕ್ರವಾರ ಐದಕ್ಕೆ ಮಾತಾಡೋಣ, ಎರಡೂ ಆಗದಿದ್ದರೆ ನಿಮಗೆ ಅನುಕೂಲವಾದ ಸಂಜೆ ಫೋನ್ ಮಾಡಿ’ ಅಂದರೆ ಒಂದರಲ್ಲೇ ಮುಗಿಯುತ್ತದೆ. ಚಿತ್ರ ಕಳಿಸುವಾಗಲೂ ‘ಹೇಗಿದೆ?’ ಅನ್ನಬೇಡ. ಆನೆಯ ಕಿವಿ ಹೀಗೇ ಇರಲಾ ಚಿಕ್ಕದು ಮಾಡಲಾ, ಹಿನ್ನೆಲೆ ಕೆಂಪು ಸಾಕಾ, ಹೀಗೆ ಎರಡು ಪ್ರಶ್ನೆ ಬಿಡಿಸಿ ಕೇಳು.

ಕೊನೆಗೆ ನನ್ನದೇ ಒಂದು ಮಳೆಗಾಲ ಹೇಳುತ್ತೇನೆ. ಆಗ ಹೊಸನಗರ ತಾಲ್ಲೂಕಿನ ತವರುಮನೆಯಲ್ಲಿ ಕೂತು ಒಂದು ಉದ್ದದ ಅನುವಾದ ಮಾಡುತ್ತಿದ್ದೆ. ಒಬ್ಬ ಸಂಪಾದಕರಿಂದ ಉತ್ತರ ಬರಬೇಕಿತ್ತು. ಜೂನ್ ಪೂರ್ತಿ ಅದೇ ಧ್ಯಾನ. ಒಂದು ಪ್ಯಾರಾ ಬರೆಯುವುದು, ಮೆತ್ತಿನ ಕಿಟಕಿಗೆ ಹೋಗುವುದು, ಮೇಲ್ ನೋಡುವುದು, ಬರಲಿಲ್ಲವಲ್ಲ ಅಂತ ಬೇಜಾರಲ್ಲಿ ವಾಪಸ್ ಬಂದು ಬರೆದ ಪ್ಯಾರಾ ಹೊಡೆದುಹಾಕುವುದು. ಆ ತಿಂಗಳು ಆದದ್ದು 14 ಪುಟ. ಜುಲೈನಲ್ಲಿ ಒಂದು ರಾತ್ರಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು, ಮಾರನೇ ದಿನ ಟವರಿನ ಡೀಸೆಲ್ ಮುಗಿದು ನೆಟ್‌ವರ್ಕೂ ಹೋಯಿತು. ನಾಲ್ಕು ದಿನ. ಮೊದಲ ದಿನ ಕೈ ಸುಮ್ಮನಿರಲಿಲ್ಲ, ಏನೂ ಇಲ್ಲ ಅಂತ ಗೊತ್ತಿದ್ದರೂ ಫೋನ್ ಎತ್ತಿ ನೋಡುತ್ತಿದ್ದೆ. ಎರಡನೇ ದಿನ ಮಧ್ಯಾಹ್ನ ಎಲ್ಲೋ ಅದು ಬಿಟ್ಟುಹೋಯಿತು, ಯಾವಾಗ ಅಂತ ಗೊತ್ತಾಗಲಿಲ್ಲ. ಹಂಚಿನ ಮೇಲೆ ಮಳೆ, ಒಲೆ ಮುಂದೆ ಒಣಗುವ ಬಟ್ಟೆಯ ವಾಸನೆ, ಮೂರು ದಿನ ಸಿಗದ ಒಂದು ಶಬ್ದ ತಾನಾಗೇ ಬಂದು ಕೂತಿತು. ಲಾಟೀನಿನ ಬೆಳಕಲ್ಲಿ ಬರೆದದ್ದೂ ಸೇರಿ 22 ಪುಟ ಆಯಿತು. ಕರೆಂಟ್ ಬಂದಾಗ 61 ಮೇಲ್ ಇದ್ದವು. ಉತ್ತರ ಬೇಕಿದ್ದದ್ದು ನಾಲ್ಕಕ್ಕೆ, ಒಂದಕ್ಕೂ ತಡವಾಗಿರಲಿಲ್ಲ. ನಾನು ಕಾದ ಉತ್ತರ ಅದರಲ್ಲಿ ಇರಲೇ ಇಲ್ಲ.

ಆಮೇಲೆ ಓದಿದೆ. 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಜೊತೆಗಾರರು 13 ಜನ ಆಫೀಸಿನವರಿಗೆ ಐದು ಕೆಲಸದ ದಿನ ಮೇಲ್ ಬಂದ್ ಮಾಡಿಸಿ, ಎದೆಬಡಿತ ಅಳೆಯುವ ಯಂತ್ರ ಕಟ್ಟಿ ನೋಡಿದ್ದರಂತೆ. ಅವರ ಒತ್ತಡ ಇಳಿದಿತ್ತು, ಒಂದೇ ಕೆಲಸದಲ್ಲಿ ಹೆಚ್ಚು ಹೊತ್ತು ಕೂರುತ್ತಿದ್ದರು. ನನಗೆ ಅದನ್ನು ಮಳೆ ಮಾಡಿಸಿತ್ತು. ನೀನು ಮಳೆಗೆ ಕಾಯಬೇಡ. ಹನ್ನೆರಡನೇ ಹಾಳೆ ಮುಗಿದ ದಿನ ನನಗೆ ಒಂದು ಫೋಟೋ ಕಳಿಸು. ಸಂಜೆ ಕಳಿಸು.

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಉಪನ್ಯಾಸಕ. ಕಥೆ ಬರೆಯುತ್ತೇನೆ, ಅಂದರೆ ಬರೆಯುತ್ತಿದ್ದೆ. ಕಾಲೇಜಿನ ಮೇಲ್ ರಾತ್ರಿ ಹತ್ತಕ್ಕೂ ಬರುತ್ತದೆ: ಆ ಮಾಹಿತಿ ಕಳಿಸಿ, ಈ ಫಾರಂ ತುಂಬಿ. ದೊಡ್ಡ ವಿದ್ವಾಂಸರು ಮೇಲ್ ಬಳಸುವುದನ್ನೇ ಬಿಟ್ಟಿದ್ದಾರಂತೆ. ನಾನೂ ಹಾಗೆ ಮಾಡಬಹುದಾ?
– ಉಪನ್ಯಾಸಕ, ಶಿವಮೊಗ್ಗ

ಉತ್ತರ: ಸರ್, ನೀವು ಹೇಳುತ್ತಿರುವುದು ಬಹುಶಃ ಡೊನಾಲ್ಡ್ ಕನೂತ್ ಅವರ ವಿಷಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ. 1975ರ ಸುಮಾರಿನಿಂದ ಮೇಲ್ ಬಳಸಿ, 1990ರ ಜನವರಿ 1ರಿಂದ ಬಿಟ್ಟುಬಿಟ್ಟರು. ಎಷ್ಟೋ ದಶಕಗಳಿಂದ ಬರೆಯುತ್ತಿರುವ ಪುಸ್ತಕಗಳಿಗೆ ಉದ್ದಕ್ಕೆ ಕೂತು ಯೋಚಿಸುವ ಹೊತ್ತು ಬೇಕು ಅನ್ನುವುದು ಅವರ ಕಾರಣ. ಆದರೆ ಅವರಿಗೆ ಬಂದದ್ದನ್ನು ನೋಡಿ ವಿಂಗಡಿಸಲು ಕಾರ್ಯದರ್ಶಿ ಇದ್ದರು. ಉತ್ತರಗಳನ್ನು ಕನೂತ್ ಒಂದೇ ಸಲ ಕೂತು ಬರೆದು, ಗಂಟು ಕಟ್ಟಿ, ಅಂಚೆಯಲ್ಲಿ ಕಳಿಸುತ್ತಿದ್ದರು. ನಮಗೂ ನಿಮಗೂ ಅದು ಆಗುವ ಮಾತಲ್ಲ. ಸಂಬಳ ಕೊಡುವವರಿಗೆ ಉತ್ತರ ಕೊಡಲೇಬೇಕು.

ಅವರಿಂದ ಒಂದೇ ಸಲ ಕೂತು ಉತ್ತರಿಸುವುದನ್ನು ಕಲಿಯಬಹುದು. ನಿಮಗೆ ಬರುವ ಫಾರಂಗಳ ಮೇಲ್‌ಗೆ ಒಂದೊಂದಕ್ಕೇ ಕೂಡಲೇ ಓಡಬೇಡಿ. ಕಾಲೇಜಿನಲ್ಲಿ ಕ್ಲಾಸ್ ಇಲ್ಲದ ಒಂದು ಗಂಟೆಯನ್ನು ಅದಕ್ಕೇ ಅಂತ ಇಟ್ಟು, ಅಲ್ಲೇ ಕಾಲೇಜಿನ ಕಂಪ್ಯೂಟರಿನಲ್ಲೇ ಮುಗಿಸಿ. ಮನೆಗೆ ಬಂದ ಮೇಲೆ ಫೋನಿನಲ್ಲಿ ಕಾಲೇಜಿನ ಅಕೌಂಟ್ ಇರುವುದೇ ಬೇಡ, ತೆಗೆದುಬಿಡಿ. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ ಇದಕ್ಕೊಂದು ಕಾನೂನೇ ಇದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆಗಳು ಕೆಲಸದ ಹೊತ್ತಿನಾಚೆ ಮೇಲ್ ನೋಡದಿರುವ ಹಕ್ಕಿನ ಬಗ್ಗೆ ನೌಕರರ ಜೊತೆ ಮಾತಾಡಿ ತೀರ್ಮಾನ ಮಾಡಿಕೊಳ್ಳಬೇಕು. ನಿಮ್ಮ ಮೇಲಿನವರ ಹತ್ತಿರ ಕಾನೂನು ಮಾತಾಡಿ ಅಂತ ನಾನು ಹೇಳುವುದಿಲ್ಲ. ಒಂದು ದಿನ ಚಾ ಕುಡಿಯುತ್ತಾ ನೇರವಾಗಿ ಕೇಳಿ, ‘ರಾತ್ರಿ ಕಳಿಸಿದ್ದಕ್ಕೆ ಮಾರನೇ ದಿನ ಹನ್ನೊಂದರೊಳಗೆ ಉತ್ತರ ಕೊಟ್ಟರೆ ನಡೆಯುತ್ತದಾ ಸರ್?’ ಅಂತ. ರಾತ್ರಿ ಕಳಿಸುವವರು ಎಷ್ಟೋ ಸಲ ತಮ್ಮ ತಲೆಯಿಂದ ಇಳಿಸಿಕೊಳ್ಳಲು ಕಳಿಸಿರುತ್ತಾರೆ, ರಾತ್ರಿಯೇ ಉತ್ತರ ಬರಲಿ ಅಂತಲ್ಲ.

ಕಥೆಗೆ ಬೆಳಿಗ್ಗೆ ಐದರಿಂದ ಆರೂವರೆ ಕೊಡಿ. ಬಿ.ಎಚ್. ರಸ್ತೆಯಲ್ಲಿ ಬಸ್ಸುಗಳ ಹಾರ್ನ್ ಶುರುವಾಗುವ ಮೊದಲು. ಆ ಹೊತ್ತಿನಲ್ಲಿ ಫೋನ್ ಬೇರೆ ಕೋಣೆಯಲ್ಲಿರಲಿ, ಅಲಾರಂ ಬೇಕಿದ್ದರೆ ಒಂದು ಗಡಿಯಾರ ಕೊಂಡುಕೊಳ್ಳಿ. ಬರೆಯುತ್ತಿದ್ದೆ ಅಂದಿದ್ದೀರಿ. ಆ ‘ದ್ದೆ’ ನನಗೆ ಬಹಳ ಚುಚ್ಚಿತು ಸರ್.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ನಮ್ಮೂರಿನ ಕೆರೆ, ಕಾನು, ದೇವಸ್ಥಾನಗಳ ಹಳೇ ಸಂಗತಿ ಬರೆದಿಡುತ್ತಿದ್ದೇನೆ. ನನ್ನ ಇನ್‌ಬಾಕ್ಸ್‌ನಲ್ಲಿ ಓದದ ಮೇಲ್ ಹದಿನೆಂಟು ಸಾವಿರ ಇವೆ. ದಿನಾ ಬೆಳಿಗ್ಗೆ ಐವತ್ತು ಅಳಿಸಿ ಆಮೇಲೆ ಬರೆಯಲು ಕೂರುತ್ತೇನೆ. ಅಷ್ಟರಲ್ಲಿ ಸುಸ್ತಾಗುತ್ತದೆ.
– ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೇಷ್ಟ್ರೇ, ನಾಳೆಯಿಂದ ಅಳಿಸಬೇಡಿ. ದಿನಕ್ಕೆ ಐವತ್ತರಂತೆ ಅಳಿಸಿದರೆ ಹದಿನೆಂಟು ಸಾವಿರಕ್ಕೆ 360 ದಿನ ಬೇಕು, ಹೊಸದಾಗಿ ಬರುವುದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಒಂದು ವರ್ಷದ ಬೆಳಗನ್ನೆಲ್ಲ ಜಾಹೀರಾತಿಗೆ ಕೊಡುವುದಾ?

ಮನೆಗೆ ಮೊಮ್ಮಕ್ಕಳು ಬಂದಾಗ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆಸಿ. ಪ್ರೊಮೋಷನ್ಸ್ ಅನ್ನುವ ಟ್ಯಾಬ್‌ಗೆ ಹೋಗಿ ಮೇಲಿನ ಚಿಕ್ಕ ಚೌಕ ಒತ್ತಿದರೆ ಆ ಪುಟದ್ದೆಲ್ಲ ಆಯ್ಕೆಯಾಗುತ್ತದೆ, ಪಕ್ಕದಲ್ಲೇ ಪೂರ್ತಿ ಎಲ್ಲವನ್ನೂ ಆರಿಸುವ ಸಾಲು ಬರುತ್ತದೆ, ಅದನ್ನೂ ಒತ್ತಿ ಒಟ್ಟಿಗೆ ಡಿಲೀಟ್ ಮಾಡಿ. ತಪ್ಪಿ ಹೋಯಿತೆಂದರೆ 30 ದಿನ ಬಿನ್‌ನಲ್ಲಿ ಇರುತ್ತದೆ, ವಾಪಸ್ ತರಬಹುದು. ಉಳಿದ ಹಳೇದನ್ನು ಅಳಿಸುವುದೇ ಬೇಡ, ಆರ್ಕೈವ್ ಮಾಡಿ. ಕಣ್ಣೆದುರಿಂದ ಹೋಗುತ್ತದೆ, ಹುಡುಕಿದರೆ ಸಿಗುತ್ತದೆ. ಮತ್ತೆ ಮತ್ತೆ ಬರುವ ಜಾಹೀರಾತಿಗೆ ಅನ್‌ಸಬ್‌ಸ್ಕ್ರೈಬ್ ಒತ್ತಿ.

ಬೆಳಿಗ್ಗೆ ಎದ್ದವರು ನೇರ ನಿಮ್ಮ ಕೆರೆಯ ಹತ್ತಿರ ಹೋಗಿ. ಕಾನು ಕಂಡವರು, ಅದರಲ್ಲಿ ದಾಲ್ಚಿನ್ನಿ ಎಲ್ಲಿತ್ತು, ಹುಲಿ ಎಲ್ಲಿ ದಾಟುತ್ತಿತ್ತು ಅಂತ ಹೇಳಬಲ್ಲವರು ನಿಮ್ಮೂರಲ್ಲಿ ಇನ್ನೆಷ್ಟು ಜನ ಉಳಿದಿದ್ದಾರೆ? ಅವರ ಮನೆಗೆ ಹೋಗಿ ಕೂರಲು ನಿಮಗೆ ಆ ಬೆಳಗು ಬೇಕು.

ಪ್ರಶ್ನೆ: ಮೇಡಂ, ನನಗೆ 19 ವರ್ಷ. ಡಿಗ್ರಿ ಓದುತ್ತಿದ್ದೇನೆ. ಎರಡು ಪತ್ರಿಕೆಗಳಿಗೆ ಕವಿತೆ ಮೇಲ್ ಮಾಡಿದ್ದೇನೆ. ಇಪ್ಪತ್ತು ದಿನ ಆಯಿತು. ದಿನಕ್ಕೆ ಎಷ್ಟು ಸಲ ನೋಡುತ್ತೇನೆ ಅಂತ ಹೇಳಲು ನಾಚಿಕೆ. ಸ್ಪ್ಯಾಮ್ ಕೂಡ ನೋಡುತ್ತೇನೆ. ಹೊಸದೇನೂ ಬರೆಯಲು ಆಗುತ್ತಿಲ್ಲ.
– ಹೊಸನಗರ

ಉತ್ತರ: ತಮ್ಮಾ, ನಾಚಿಕೆ ಯಾಕೆ? ಕವಿತೆ ಕಳಿಸಿದವರೆಲ್ಲ ನೋಡಿದ್ದಾರೆ, ಸ್ಪ್ಯಾಮ್ ಸಹಿತ. ಸಂಪಾದಕರ ಹತ್ತಿರ ಕವಿತೆಗಳ ರಾಶಿ ಇರುತ್ತದೆ, ಓದುವವರು ಒಬ್ಬರೋ ಇಬ್ಬರೋ. ಇಪ್ಪತ್ತು ದಿನ ಅಲ್ಲಿ ಏನೂ ಅಲ್ಲ. ಉತ್ತರ ಬಾರದ್ದಕ್ಕೂ ನಿನ್ನ ಕವಿತೆಯ ಗುಣಕ್ಕೂ ಈಗ ಯಾವ ಸಂಬಂಧವೂ ಇಲ್ಲ.

ಒಂದು ನೋಟ್‌ಬುಕ್ ತಗೋ. ಕವಿತೆಯ ಹೆಸರು, ಎಲ್ಲಿಗೆ ಕಳಿಸಿದೆ, ಯಾವ ತಾರೀಕು, ಮೂರು ಕಾಲಂ. ನಾಲ್ಕನೇ ಕಾಲಂನಲ್ಲಿ ಮೂರು ತಿಂಗಳು ಮುಂದಿನ ತಾರೀಕು ಬರೆ. ಆ ದಿನ ಬಂದಾಗ ‘ನಾನು ಇಂಥ ದಿನ ಕಳಿಸಿದ ಕವಿತೆ ಪರಿಶೀಲನೆಯಲ್ಲಿದೆಯೇ?’ ಅಂತ ಒಂದೇ ಸಾಲಿನ ಮೇಲ್ ಹಾಕು. ಅಲ್ಲಿಯವರೆಗೆ ಸಂಜೆ ಕಾಲೇಜಿನಿಂದ ಬಂದ ಮೇಲೆ ಒಂದು ಸಲ ನೋಡಿದರೆ ಸಾಕು. ನಿನ್ನ ಪತ್ರದ ಕೆಳಗೆ, ಪ್ರಶ್ನೆಗೆ ಸಂಬಂಧವೇ ಇಲ್ಲದ ಹಾಗೆ, ಬಸ್ ಸ್ಟ್ಯಾಂಡಿನಲ್ಲಿ ಕೊಪ್ಪೆ ಹೊದ್ದು ನಿಂತ ಮುದುಕನ ಬಗ್ಗೆ ಎರಡು ಸಾಲು ಬರೆದಿದ್ದೀಯ. ಅವನು ಯಾವ ಬಸ್ಸಿಗೆ ಕಾಯುತ್ತಿದ್ದ?